ಬೆಂಗಳೂರಿನ ಬೀದಿಯಿಂದ ಮುಂಬಯಿಯ ಕಡಲತಡಿಗೆ

ಬೆಂಗಳೂರಿನ ಕಬ್ಬನ್ ಉದ್ಯಾನವು 1870ರಲ್ಲಿ ನಿರ್ಮಿತವಾದಾಗ ಅದು ವಾಯುಸೇವನೆಗೂ ಸಾವಕಾಶವಾದ ಸಂಚಾರಕ್ಕೂ ಮೀಸಲಾದ ಸ್ಥಳವಾಗಿದ್ದಿರಬೇಕು. ಈಗ ಅರುಣೋದಯಕ್ಕೆ ಮುಂಚೆ ಅಲ್ಲಿಗೆ ಹೋದವರಿಗೆ ಬಿದಿರುಮೆಳೆಗಳ ಮಗ್ಗುಲಲ್ಲಿ ಕಾಣಬರುವುದು ಸಂಚಾರವಲ್ಲ, ಓಟ. ಬ್ಯಾಂಕಿನ ನೌಕರರು, ವೈದ್ಯರು, ಮಕ್ಕಳು ಶಾಲೆಗೆ ಹೊರಡುವುದರೊಳಗೆ ಮನೆ ಸೇರಬೇಕಾದ ಗೃಹಿಣಿಯರು, ನನ್ನ ವಯಸ್ಸಿನ ಮುದುಕರು ಕೂಡ ಓಡುತ್ತಾರೆ. ಯಾರೂ ಬೆನ್ನಟ್ಟಿ ಬರುತ್ತಿಲ್ಲವಷ್ಟೆ, ಹೀಗೇಕೆ ಓಡುತ್ತೀರಿ ಎಂದು ಕೇಳಿದರೆ ಅವರಲ್ಲಿ ಹಲವರ ಉತ್ತರ ಒಂದೇ: "ಜನವರಿಗೆ ಮುಂಬಯಿ."

ಮಹಾಮಾರಿಯ ಎರಡು ವರ್ಷಗಳನ್ನು ಬಿಟ್ಟರೆ 2005ರಿಂದ ಪ್ರತಿ ಜನವರಿಯಲ್ಲಿಯೂ ಮುಂಬಯಿಯಲ್ಲಿ ಮ್ಯಾರಥಾನ್ ಓಟವು ನಡೆಯುತ್ತಾ ಬಂದಿದೆ. ದೂರವು 42 ಕಿಲೋಮೀಟರು 195 ಮೀಟರು. ಬೆಂಗಳೂರು ಪೇಟೆಯಿಂದ ಹೊರಟವನು ಬಿಡದಿಯನ್ನು ದಾಟಿ ರಾಮನಗರದ ದಾರಿಯಲ್ಲಿ ಇನ್ನೂ ಓಡುತ್ತಿರಬೇಕು, ಅಷ್ಟು. ಇಂಥ ದೂರವನ್ನು ಮೊದಲೇ ಪೂರ್ತಿ ಓಡಿ ಅಭ್ಯಾಸಮಾಡುವವರು ವಿರಳ. ಊರಿನಲ್ಲಿಯೇ ನಡೆಯುವ 5, 10, 21 ಕಿಲೋಮೀಟರಿನ ಪಂದ್ಯಗಳೇ ಅವರ ಪಾಠಶಾಲೆ. ಬೆಂಗಳೂರಿನಲ್ಲಿ ಅಂಥವು ಹಲವಾರು ಉಂಟು. 2008ರಲ್ಲಿ ಆರಂಭವಾದ 10 ಕಿಲೋಮೀಟರಿನ ಓಟವು ಅವುಗಳಲ್ಲಿ ಪ್ರಸಿದ್ಧವಾದುದು.

ನನ್ನ ತಮ್ಮನ ಮಗಳು ಈ ಪಾಠಶಾಲೆಗೆ ಸೇರಿದ್ದಕ್ಕೆ ಕಾರಣವಿತ್ತು. ಆಕೆಯ ತಾಯಿ ಮಧುಮೇಹದಿಂದ ಅಕಾಲದಲ್ಲಿ ತೀರಿಕೊಂಡಳು. ತನ್ನ ರಕ್ತದಲ್ಲಿಯೂ ಸಕ್ಕರೆ ಏರುತ್ತಿದೆಯೆಂದು 38ನೆಯ ವಯಸ್ಸಿನಲ್ಲಿ ತಿಳಿದಾಗ, ವೈದ್ಯರು ನಡೆಯಿರಿ ಎಂದರೆ ಈಕೆ ಓಡಲು ತೊಡಗಿದಳು. ಅತ್ತೆಯವರಿಗೆ ಇದು ಹಿಡಿಸಲಿಲ್ಲ. ಹೊಸಲು ಸಾರಿಸುವ ಹೊತ್ತಿನಲ್ಲಿ ಮನೆಯ ಸೊಸೆ ಬೀದಿಯಲ್ಲಿ ಓಡುವುದುಂಟೆ ಎಂದು ಅವರ ವಾದ.

2024ರ ಏಪ್ರಿಲ್ 28ರಂದು ಆ ಹತ್ತು ಕಿಲೋಮೀಟರಿನ ಪಂದ್ಯವನ್ನು ನೋಡಲು ನಾನೂ ಹೋದೆನು. ಆ ತಿಂಗಳು ಊರಿಗೆ ಮಳೆಯೇ ಬಂದಿರಲಿಲ್ಲ. ಬೆಳಗಿನ ಗಾಳಿಯಲ್ಲಿಯೂ ತಂಪಿರಲಿಲ್ಲ. ಮಾಣೆಕ್‌ಷಾ ಪೆರೇಡ್ ಮೈದಾನದ ಬಳಿ ಸಾವಿರಾರು ಜನ, ಕಿವಿಗಡಚಿಕ್ಕುವ ವಾದ್ಯ. ಆ ವಾದ್ಯದ ಪ್ರಯೋಜನ ನನಗೆ ಈವರೆಗೂ ತಿಳಿದಿಲ್ಲ, ಅದಿರಲಿ. ನಮ್ಮ ಹುಡುಗಿ ಜನದ ನೂಕಿನಲ್ಲಿ ಮೊದಲ ಎರಡು ಕಿಲೋಮೀಟರುಗಳನ್ನು ತನ್ನ ಶಕ್ತಿಗೆ ಮೀರಿದ ವೇಗದಿಂದ ಓಡಿಬಿಟ್ಟಳು. ಹಲಸೂರು ಕೆರೆಯ ಬಳಿಯಲ್ಲಿಯೇ ಉಬ್ಬಸ ಬಂತು. ಕೊನೆಯ ಮೂರು ಕಿಲೋಮೀಟರು ಬಹುಮಟ್ಟಿಗೆ ನಡಿಗೆಯೇ ಆಯಿತು.

"ಹತ್ತಕ್ಕೇ ಹೀಗಾದರೆ ನಲವತ್ತೆರಡಕ್ಕೆ ಏನು ಗತಿ, ದೊಡ್ಡಪ್ಪ? ಅತ್ತೆ ಹೇಳಿದ್ದೇ ಸರಿ," ಎಂದು ಕಣ್ಣೊರಸಿಕೊಂಡಳು.

ನನಗೆ ಹಾಗೆ ತೋರಲಿಲ್ಲ. ಅಮರಕೋಶದಲ್ಲಿ ಓಡುವವರಿಗೆ ಎರಡು ಬೇರೆ ಬೇರೆ ಹೆಸರುಗಳಿವೆ. ಅತಿವೇಗವುಳ್ಳವನು ಜಂಘಾಲ, ಕಾಲನ್ನೇ ನಂಬಿ ಓಲೆ ಒಯ್ದು ಬದುಕತಕ್ಕವನು ಜಾಂಘಿಕ. ಜಂಘಾಲನು ಗೆದ್ದರೆ ಸಾಕು, ಜಾಂಘಿಕನು ತಲುಪಬೇಕು. ಸಣ್ಣ ಪಂದ್ಯವನ್ನು ಜಂಘಾಲನ ಪರೀಕ್ಷೆಯೆಂದು ತಿಳಿಯುವುದರಿಂದಲೇ ಇಷ್ಟು ಕಣ್ಣೀರು. 1896ರಲ್ಲಿ ಅಥೆನ್ಸಿನಲ್ಲಿ ಮೊದಲನೆಯ ಒಲಿಂಪಿಕ್ ಮ್ಯಾರಥಾನನ್ನು ಗೆದ್ದ ಸ್ಪಿರಿಡಾನ್ ಲೂಯಿಸನು, ಅದಕ್ಕೆ ಕೆಲವೇ ದಿನಗಳ ಹಿಂದೆ ಗ್ರೀಕರು ನಡೆಸಿದ ಆಯ್ಕೆಯ ಓಟದಲ್ಲಿ ಐದನೆಯವನಾಗಿ ಬಂದಿದ್ದನು. ಇದನ್ನು ಹೇಳಿದಾಗ ಹುಡುಗಿ ಸ್ವಲ್ಪ ನಕ್ಕಳು.

ಹತ್ತು ಕಿಲೋಮೀಟರಿನಲ್ಲಿ ಮಾಡಿದ ತಪ್ಪಿಗೆ ದಂಡವು ಒಂದು ದಿನದ ಆಯಾಸ, ಸ್ವಲ್ಪ ನಾಚಿಕೆ. ಅದೇ ತಪ್ಪನ್ನು ಮುಂಬಯಿಯಲ್ಲಿ ಮಾಡಿದರೆ ದಂಡವನ್ನು ಮಂಡಿ ತೆರಬೇಕು, ಕೆಲವೊಮ್ಮೆ ಆಸ್ಪತ್ರೆಯಲ್ಲಿ ತೆರಬೇಕು. ಬೆಳಗಿನ ಜಾವಕ್ಕೆ ಮುಂಚೆ ಏನು ತಿಂದರೆ ಹೊಟ್ಟೆ ಒಪ್ಪುತ್ತದೆ, ಶೌಚಕ್ಕೆ ಯಾವಾಗ ಏಳಬೇಕು, ಯಾವ ಬೂಟು ಬೆರಳನ್ನು ಕಚ್ಚುತ್ತದೆ, ಓಡುತ್ತಲೇ ನೀರು ಕುಡಿಯುವುದು ಹೇಗೆ, ಪಕ್ಕದವನು ಮುಂದೆ ಹೋದಾಗ ಅವನನ್ನು ಹೋಗಗೊಡುವುದು ಹೇಗೆ, ಇವೆಲ್ಲ ಒಬ್ಬರೇ ಉದ್ಯಾನದಲ್ಲಿ ಓಡಿದರೆ ಬರುವ ವಿದ್ಯೆಗಳಲ್ಲ. ಇವುಗಳಲ್ಲಿ ಕೊನೆಯದೇ ಕಠಿನವಾದುದು. ಆದರೆ ವಾರವಾರವೂ ಪಂದ್ಯಕ್ಕೆ ನಿಲ್ಲುವವರನ್ನೂ ಕಂಡಿದ್ದೇನೆ. ಅವರ ಮನೆಯಲ್ಲಿ ಪದಕಗಳು ತೂಗುತ್ತಿರುತ್ತವೆ, ಅವರು ಮಾತ್ರ ಕುಂಟುತ್ತಿರುತ್ತಾರೆ.

ಸಣ್ಣ ಓಟವು ಕಲಿಸಲಾರದ್ದೂ ಒಂದುಂಟು. ದೇಹದಲ್ಲಿ ಕೂಡಿಟ್ಟ ಶರ್ಕರವು ಅನೇಕರಿಗೆ ಸುಮಾರು 30 ಕಿಲೋಮೀಟರಿನ ಹೊತ್ತಿಗೆ ಬರಿದಾಗುತ್ತದೆ. ಆಮೇಲೆ ಕೊಬ್ಬನ್ನು ಕರಗಿಸಿ ನಡೆಯಬೇಕು, ಅದು ನಿಧಾನವಾದ ವ್ಯವಹಾರ. 21ಕ್ಕೆ ನಿಲ್ಲುವ ಓಟದಲ್ಲಿ ಈ ದಾರಿದ್ರ್ಯವು ಕಾಣಿಸಿಕೊಳ್ಳುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನಮ್ಮ ಊರಿನಲ್ಲಿ ಮುಂಬಯಿಯ ಬೆವರೂ ತಿಳಿಯುವುದಿಲ್ಲ.

ಡಿಸೆಂಬರ್ ಮೊದಲಲ್ಲಿ ಆಕೆ ಊರೊಳಗಿನ 21 ಕಿಲೋಮೀಟರಿನ ಓಟಕ್ಕೆ ಹೋದಳು. ಬೇಕೆಂದೇ ಎಲ್ಲರಿಗಿಂತ ಹಿಂದೆ ನಿಂತಳು. ಮೊದಲ ಮೂರು ಕಿಲೋಮೀಟರು ಜೊತೆಯವರೊಡನೆ ಮಾತಾಡುತ್ತ ಓಡಿದಳು. 2 ಗಂಟೆ 34 ನಿಮಿಷ ಹಿಡಿಯಿತು. ಎಲ್ಲಿಯೂ ನಡೆಯಲಿಲ್ಲ.

2025ರ ಜನವರಿ 19ರಂದು ಮುಂಬಯಿಯಲ್ಲಿ ನಾನು ಪೆಡ್ಡರ್ ರಸ್ತೆಯ ಏರಿನಲ್ಲಿ ನಿಂತಿದ್ದೆನು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಎದುರು ಕತ್ತಲಲ್ಲಿ ಹೊರಟವರು ಮರೈನ್ ಡ್ರೈವನ್ನು ಹಿಡಿದು, ಬಾಂದ್ರಾ-ವರ್ಲಿ ಕಡಲಸೇತುವೆಯನ್ನು ದಾಟಿ ಹಿಂದಿರುಗುವಾಗ, ಸುಮಾರು 35 ಕಿಲೋಮೀಟರು ಮುಗಿದ ಮೇಲೆ ಈ ಏರು ಎದುರಾಗುತ್ತದೆ. ಆ ಸೇತುವೆಯ ಮೇಲೆ ಇತರ ದಿನಗಳಲ್ಲಿ ಪಾದಚಾರಿಗೆ ಪ್ರವೇಶವಿಲ್ಲ; ಓಟಗಾರನಿಗೆ ಆ ಒಂದು ಬೆಳಗ್ಗೆ ಕಡಲಿನ ನಡುವೆ ಕಾಲಿಡುವ ಭಾಗ್ಯ. ಬಿಸಿಲೇರಿತ್ತು. ಮನೆಗಳಿಂದ ಇಳಿದುಬಂದ ಗುಜರಾತಿ ಹೆಂಗಸರು ಕಿತ್ತಳೆಯ ತೊಳೆಗಳನ್ನು ತಟ್ಟೆಯಲ್ಲಿ ಹಿಡಿದು, ಅಪರಿಚಿತರನ್ನು ಮನೆಯ ಮಕ್ಕಳೆಂಬಂತೆ ಹುರಿದುಂಬಿಸುತ್ತಿದ್ದರು. ಗಟ್ಟಿಮುಟ್ಟಾದ ತರುಣರು ಎಷ್ಟೋ ಜನ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಿದ್ದರು.

ಒಂಬತ್ತೂವರೆಯ ಸುಮಾರಿಗೆ ಹುಡುಗಿ ಬಂದಳು. ಮುಖದಲ್ಲಿ ಉಪ್ಪು ಕಟ್ಟಿತ್ತು, ಹೆಜ್ಜೆ ಚಿಕ್ಕದಾಗಿತ್ತು, ಆದರೆ ಓಟದ ಹೆಜ್ಜೆಯೇ. ನಾನು ನೀರಿನ ಸೀಸೆಯನ್ನು ಚಾಚಿದೆನು.

"ಬೇಡ ದೊಡ್ಡಪ್ಪ, ನಿಂತರೆ ಹೋದೆ," ಎಂದು ಕಿತ್ತಳೆಯ ಒಂದು ತೊಳೆಯನ್ನು ಮಾತ್ರ ತೆಗೆದುಕೊಂಡು ಏರನ್ನು ಹತ್ತಿಹೋದಳು.

5 ಗಂಟೆ 28 ನಿಮಿಷಗಳಲ್ಲಿ ಮುಗಿಸಿದಳೆಂದು ಬೆಂಗಳೂರಿಗೆ ದೂರವಾಣಿಯಲ್ಲಿ ತಿಳಿಸಿದೆನು. ಅತ್ತೆಯವರು ವೇಳೆಯ ವಿಷಯವಾಗಿ ಏನನ್ನೂ ಕೇಳಲಿಲ್ಲ. "ಏನಾದರೂ ತಿಂದಳೆ?" ಎಂದರು.