ತೀರ್ಥರೂಪರ ಕೂಡ ಏರಿದ ಗುಡ್ಡ

ಕೃಷ್ಣೆಯ ದಂಡೆಯ ನಮ್ಮ ಉಗಾರ ಬುದ್ರುಕದಲ್ಲಿ ಗುಡ್ಡವೆಂಬುದಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಎರೆಯ ನೆಲ, ಅದರ ತುಂಬ ಕಬ್ಬು. ನೆರೆಯ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಗೊಂಡ ಸಕ್ಕರೆ ಕಾರ್ಖಾನೆಯ ಚಿಮಣಿಯೇ ನಾವು ಬಾಲ್ಯದಲ್ಲಿ ಕಂಡ ಅತಿ ಎತ್ತರದ ವಸ್ತು. ಇಂಥ ಸಪಾಟು ನೆಲದಲ್ಲಿ ಹುಟ್ಟಿದ ನಿಮಗೆ ಗುಡ್ಡದ ಹುಚ್ಚು ಹೇಗೆ ಹಿಡಿಯಿತೆಂದು ಕೇಳುವವರುಂಟು. ಅದು ನಮ್ಮ ತೀರ್ಥರೂಪರಿಂದ ಬಂದ ಆಸ್ತಿ. ಆ ಆಸ್ತಿಯನ್ನು ನಾವು ನಡುವೆ ನಾಲ್ಕು ದಶಕ ಕಳೆದುಕೊಂಡಿದ್ದೆವೆಂಬುದನ್ನು ಸಹ ಇಲ್ಲಿ ಬರೆಯಬೇಕಾಗಿದೆ.

ತೀರ್ಥರೂಪರು ಒಕ್ಕಲುತನದವರು. ಓದು ಮೂರನೆಯ ಇಯತ್ತೆ. ಹೊಲದ ಕೆಲಸದಿಂದ ಬಿಡುವಾದಾಗ ಅವರ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಗಿನ ಜಾವ ನಮ್ಮನ್ನು ಎಬ್ಬಿಸಿ ಹೊಳೆಯ ದಂಡೆಗುಂಟ ಕರೆದೊಯ್ಯುತ್ತಿದ್ದರು. ಯಾವ ಹಕ್ಕಿ ಯಾವ ಗಿಡದಲ್ಲಿ ಗೂಡು ಕಟ್ಟುತ್ತದೆ, ಮಳೆ ಬರುವ ಮುನ್ನ ಇರುವೆ ಎತ್ತ ಸಾಗುತ್ತವೆ, ಇವೆಲ್ಲ ಆಗ ಕಲಿತ ಪಾಠಗಳು. ಚೈತ್ರದಲ್ಲಿ ಮಿರಜದ ಮೇಲೆ ಕೊಲ್ಹಾಪುರಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಜೋತಿಬಾ ಗುಡ್ಡವನ್ನು ಕಾಲ್ನಡಿಗೆಯಲ್ಲಿ ಏರುತ್ತಿದ್ದೆವು. ಏರುವಾಗ ಮಾತು ಬೇಡ, ಅಂಗಾಲು ಪೂರ್ಣ ಊರಬೇಕು, ದಣಿಯುವ ಮೊದಲೇ ಕೂಡಬೇಕು, ನೀರು ಗುಟುಕು ಗುಟುಕಾಗಿ ಕುಡಿಯಬೇಕು, ಇಳಿಯುವಾಗ ಮೊಣಕಾಲು ತುಸು ಬಾಗಿರಬೇಕು. ಇಷ್ಟೇ ಅವರ ಶಾಸ್ತ್ರ.

1953ರಲ್ಲಿ ತೇನ್ಸಿಂಗ್ ಮತ್ತು ಹಿಲರಿ ಎವರೆಸ್ಟ್ ಶಿಖರವನ್ನು ಏರಿದರೆಂದು ಶಾಲೆಯಲ್ಲಿ ಓದಿ ಬಂದು ನಾವು ಉತ್ಸಾಹದಿಂದ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಇಬ್ಬರೂ ಸುಖವಾಗಿ ಇಳದ ಬಂದರೇನೋ ತಮ್ಮಾ?"

"ಬಂದರಪ್ಪಾ."

"ಹಂಗಾರ ಏರಿದಾಂಗ ಆತು."

ಪ್ರತಿ ಯುಗಾದಿಗೆ ನಮ್ಮ ಸೀಮೆಯಿಂದ ಶ್ರೀಶೈಲಕ್ಕೆ ಕಂಬಿ ಹೊರಡುವುದನ್ನು ಓದುಗರಲ್ಲಿ ಅನೇಕರು ಬಲ್ಲರು. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರ್ಗಿ, ರಾಯಚೂರು ಸೀಮೆಗಳ ಭಕ್ತರು ಮಲ್ಲಯ್ಯನ ಹೆಸರು ಹೇಳುತ್ತ ನಡೆಯುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡೇ ಹೋಗುತ್ತಾರೆ. ಭ್ರಮರಾಂಬೆಯನ್ನು ಕನ್ನಡ ನಾಡಿನ ಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸಿ, ತವರಿನ ಸೀರೆ ಬಳೆ ಒಯ್ಯುವ ವಾಡಿಕೆ. ಬಾಲಕ ಸಿದ್ಧರಾಮನು ಮಲ್ಲಯ್ಯನನ್ನು ಅರಸುತ್ತ ಸೊನ್ನಲಿಗೆಯಿಂದ ಶ್ರೀಶೈಲದತ್ತ ನಡೆದ ಕಥೆ ನಮ್ಮ ಮನೆಮನೆಯದು. ಪಾಲ್ಕುರಿಕೆ ಸೋಮನಾಥನು ತೆಲುಗಿನ ಪಂಡಿತಾರಾಧ್ಯ ಚರಿತ್ರೆಯಲ್ಲಿ ಪರ್ವತ ಪ್ರಕರಣವೆಂಬ ಒಂದು ಭಾಗವನ್ನೇ ಈ ಪರ್ವತಕ್ಕೆ ಮೀಸಲಿಟ್ಟನು. ರೆಡ್ಡಿ ಅರಸು ಪ್ರೋಲಯ ವೇಮನು ಹದಿನಾಲ್ಕನೆಯ ಶತಮಾನದಲ್ಲಿ ಯಾತ್ರಿಕರಿಗಾಗಿ ಮೆಟ್ಟಿಲು ಕಟ್ಟಿಸಿದನು.

1971ರ ಯುಗಾದಿಯ ಕಂಬಿಗೆ ತೀರ್ಥರೂಪರು ನಮ್ಮನ್ನು ಕರೆದೊಯ್ದರು. ನಮಗಾಗ ಹನ್ನೊಂದು ವರ್ಷ. ಅವ್ವ ಒಲ್ಲೆನೆಂದು ಅತ್ತಳು. ತೀರ್ಥರೂಪರು ನಮ್ಮನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ ನೀರು ತೋರಿಸಿ, "ಇದೂ ಮಲ್ಲಯ್ಯನ ಕಡೆನ ಹೊಂಟೈತಿ. ಇದರ ಕೂಡ ನಾವೂ ಹೋಗೂಣು" ಎಂದರು. ಮಹಾಬಳೇಶ್ವರದಲ್ಲಿ ಹುಟ್ಟಿ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ನಮ್ಮೂರಿಗೆ ಬರುವ ಕೃಷ್ಣೆಯೇ ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆಯೆನಿಸುತ್ತಾಳೆ. ಭೂಗೋಲದ ಪುಸ್ತಕ ಹೇಳದ ರೀತಿಯಲ್ಲಿ ಅಂದು ನಮಗೆ ಅದು ತಿಳಿಯಿತು.

ಅಥಣಿ, ಜಮಖಂಡಿಗಳನ್ನು ಹಿಂದಿಕ್ಕಿ, ಬಿಸಿಲು ಏರುವ ಮುನ್ನ ನಡೆದು, ಮಧ್ಯಾಹ್ನ ಗಿಡದ ನೆರಳಲ್ಲಿ ಮಲಗಿ, ಇಳಿಹೊತ್ತಿಗೆ ಮತ್ತೆ ನಡೆದೆವು. ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ. ಊರೂರಿನಲ್ಲಿ ದಾಸೋಹ. ರಾತ್ರಿ ತೀರ್ಥರೂಪರು ನಮ್ಮ ಅಂಗಾಲಿಗೆ ಔಡಲೆಣ್ಣೆ ತಿಕ್ಕಿ, ಬೊಕ್ಕೆಯೆದ್ದಿದೆಯೇ ಎಂದು ಕಂದೀಲಿನ ಬೆಳಕಲ್ಲಿ ನೋಡುತ್ತಿದ್ದರು. ಕರ್ನೂಲು, ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದರೆ ಬಯಲು ಮುಗಿದು ನಲ್ಲಮಲೆಯ ಅಡವಿ ಆರಂಭವಾಗುತ್ತದೆ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು, ಪೆದ್ದಚೆರುವಿನ ಕೆರೆಯ ಮಗ್ಗುಲಲ್ಲಿ ತಂಗಿ, ಮರುದಿನ ಭೀಮನ ಕೊಳ್ಳಕ್ಕೆ ಇಳಿಯಬೇಕು. ಅದೊಂದು ಆಳವಾದ ಕಣಿವೆ. ಇಳಿದಷ್ಟನ್ನೂ ಮತ್ತೆ ಏರಿದರೆ ಕೈಲಾಸದ್ವಾರವೆಂಬ ಕಲ್ಲಿನ ಬಾಗಿಲು.

ಆ ಏರಿನ ನಡುವೆ ನಾವು ಕುಸಿದು ಕುಳಿತು ಅತ್ತುಬಿಟ್ಟೆವು. ಇನ್ನೊಂದು ಹೆಜ್ಜೆಯನ್ನೂ ಇಡಲಾರೆವೆಂದು ಹಟ ಹಿಡಿದೆವು. ಜೊತೆಯ ಹಿರಿಯರೊಬ್ಬರು ಹೊತ್ತುಕೊಳ್ಳಲು ಮುಂದೆ ಬಂದರು. ತೀರ್ಥರೂಪರು ಬೇಡವೆಂದು ಕೈಸನ್ನೆ ಮಾಡಿ ನಮ್ಮ ಪಕ್ಕದಲ್ಲಿ ಕುಳಿತರು. ಗದರಲಿಲ್ಲ, ಮುದ್ದಿಸಲೂ ಇಲ್ಲ. ಬಹಳ ಹೊತ್ತಿನ ಮೇಲೆ ನುಡಿದರು. "ಮ್ಯಾಲ ನೋಡಬ್ಯಾಡ ತಮ್ಮಾ. ಇಪ್ಪತ್ತ ಮೆಟ್ಟಲಾ ಎಣಸು, ನಿಂದರು. ಉಸರ ತಿರಗಿ ಬಂದಮ್ಯಾಲ ಮತ್ತ ಇಪ್ಪತ್ತ." ಅವರು ಒಂದು ಮೆಟ್ಟಿಲು ಕೆಳಗೆ, ನಮ್ಮ ಬೆನ್ನ ಹಿಂದೆಯೇ ಏರಿದರು. ಜಾರಿದರೆ ಹಿಡಿಯಲೆಂದು ಹಾಗೆ ಬಂದರೆಂಬುದು ನಮಗೆ ಹೊಳೆದದ್ದು ಬಹಳ ವರ್ಷಗಳ ನಂತರ. ಕೈಲಾಸದ್ವಾರದಲ್ಲಿ ನಿಂತು ಹಿಂತಿರುಗಿ ನೋಡಿದಾಗ, ದಾಟಿ ಬಂದ ಅಡವಿಯೆಲ್ಲ ಕಾಲ ಕೆಳಗೆ ಇತ್ತು. ಅಂದು ಉಂಟಾದ ಹಿಗ್ಗನ್ನು ಮುಂದೆ ಯಾವ ಪರೀಕ್ಷೆ, ಯಾವ ಸನ್ಮಾನವೂ ನಮಗೆ ಕೊಡಲಿಲ್ಲ.

1974ರಲ್ಲಿ ನಮ್ಮನ್ನು ಮಠಕ್ಕೆ ಓದಲು ಸೇರಿಸಿದರು. ಎಂಟು ವರ್ಷ ಸಂಸ್ಕೃತ, ವಚನ, ಶಾಸ್ತ್ರಗಳ ಅಧ್ಯಯನವಾಯಿತು. ಮಠದ ಅನ್ನವನ್ನೂ ಗುರುಗಳ ಕರುಣೆಯನ್ನೂ ನಾವು ಇಂದಿಗೂ ನೆನೆಯುತ್ತೇವೆ. ಆದರೆ ಓದಿನ ಜೊತೆ ಹುಟ್ಟಿದ ಅಹಂಕಾರ ನಮ್ಮದೇ ಆಗಿತ್ತು. 1982ರಲ್ಲಿ ಊರಿಗೆ ಬಂದಾಗ ತೀರ್ಥರೂಪರು ಕಂಬಿಗೆ ಸಿದ್ಧರಾಗುತ್ತಿದ್ದರು. ಆ ವರ್ಷ ಇಬ್ಬರೂ ಹೋಗೋಣವೆಂದು ಅವರ ಆಸೆ. ನಾವು ನಾಲ್ಕು ಜನರ ಎದುರಿಗೆ ಅವರಿಗೆ ಉಪದೇಶ ಮಾಡಿದೆವು. ಶರಣರು ಕಲ್ಲು ನೀರುಗಳಿಗೆ ಎರಗುವುದನ್ನು ಒಪ್ಪಲಿಲ್ಲ, ಎದೆಯ ಮೇಲೆ ಇಷ್ಟಲಿಂಗವಿರಲು ಪರ್ವತಕ್ಕೆ ಹೋಗುವುದೇಕೆ ಎಂದೆವು. ಅವರು ಬಡಿಗೆಯನ್ನು ಗೋಡೆಗೆ ಆನಿಸಿಟ್ಟು ಹೇಳಿದರು.

"ಲಿಂಗ ಎದಿಮ್ಯಾಗ ಐತಿ, ಖರೇ. ನಾ ಅಲ್ಲಿ ದೇವರನ್ನ ಹುಡಕಾಕ ಹೋಗೂದಿಲ್ಲೋ ತಮ್ಮಾ. ಗುಡ್ಡಾ ಏರಾಕ ಹೋಗತೀನಿ. ಲಿಂಗಾನೂ ನನ್ನ ಕೂಡ ಏರತೈತಿ."

ಇದು ಅಜ್ಞಾನದ ಮಾತೆಂದು ನಾವು ನಕ್ಕೆವು. ಅವರು ಒಬ್ಬರೇ ಹೋದರು. ಮತ್ತೆಂದೂ ನಮ್ಮನ್ನು ಕರೆಯಲಿಲ್ಲ. ಕಾಲು ನಡೆಯುವ ತನಕ ಹೋಗುತ್ತಲೇ ಇದ್ದರು. 1998ರಲ್ಲಿ ಲಿಂಗೈಕ್ಯರಾದರು. ನಾವು ಊರೂರು ತಿರುಗಿ, ಜಂಗಮವೆಂದರೆ ಚಲಿಸುವುದು, ಅರಿವು ನಿಂತ ನೀರಾಗಬಾರದು ಎಂದು ಪ್ರವಚನ ಮಾಡುತ್ತಿದ್ದೆವು. ಮನೆಯಲ್ಲಿ ನಡೆಯುತ್ತಿದ್ದ ಒಬ್ಬರನ್ನು ನೋಡಿ ನಕ್ಕದ್ದು ಆಗೆಲ್ಲ ನೆನಪಾಗಲಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದಿತು. ನದಿದಂಡೆಯ ಊರುಗಳೆಲ್ಲ ಸಂಕಟಪಟ್ಟವು. ನೀರು ಇಳಿದ ಮೇಲೆ ಹಳೆಯ ಮನೆಯ ಅಟ್ಟವನ್ನು ತೆರವು ಮಾಡುವಾಗ ತೀರ್ಥರೂಪರ ಬಿದಿರಿನ ಬಡಿಗೆ ಸಿಕ್ಕಿತು. ಅದರ ಮೇಲೆ ಸಾಲಾಗಿ ಕುಡುಗೋಲಿನ ಕಚ್ಚುಗಳಿದ್ದವು. ಎಣಿಸಿದರೆ ಇಪ್ಪತ್ಮೂರು. ಹೋದ ಪ್ರತಿ ಯಾತ್ರೆಗೆ ಒಂದು ಕಚ್ಚು ಎಂದು ಅವ್ವ ಹಿಂದೆ ಹೇಳಿದ್ದು ನೆನಪಾಯಿತು. ಅವುಗಳಲ್ಲಿ ಒಂದರ ಪಕ್ಕಕ್ಕೆ ಮಾತ್ರ ಒಂದು ಚಿಕ್ಕ ಕಚ್ಚು ಇತ್ತು. ಅದು ಯಾವ ವರ್ಷದ್ದೆಂದು ನಮಗೆ ಯಾರೂ ಹೇಳಬೇಕಾಗಲಿಲ್ಲ. ಕೆಸರು ತುಂಬಿದ ಆ ಪಡಸಾಲೆಯಲ್ಲಿ ಬಡಿಗೆ ಹಿಡಿದು ಬಹಳ ಹೊತ್ತು ಕುಳಿತಿದ್ದೆವು.

2020ರ ಯುಗಾದಿಗೆ ಹೊರಡಬೇಕೆಂದಿದ್ದೆವು. ಆಗ ಕೊರೋನಾ ಬಂದು ಇಡೀ ದೇಶವೇ ಬಾಗಿಲು ಹಾಕಿಕೊಂಡಿತು. ಕೊನೆಗೆ 2023ರಲ್ಲಿ, ನಮ್ಮ ಅರವತ್ಮೂರನೆಯ ವಯಸ್ಸಿನಲ್ಲಿ, ಮಗನೊಡನೆ ಹೋದೆವು. ಊರಿನಿಂದ ನಡೆಯುವ ಶಕ್ತಿಯಿರಲಿಲ್ಲ. ವೆಂಕಟಾಪುರದವರೆಗೆ ವಾಹನದಲ್ಲಿ ಹೋಗಿ ಅಡವಿಯ ದಾರಿಯನ್ನಷ್ಟೇ ನಡೆದೆವು. ಭೀಮನ ಕೊಳ್ಳದ ಏರಿನಲ್ಲಿ ಮೊಣಕಾಲು ನಡುಗಿ ಕುಳಿತುಬಿಟ್ಟೆವು. ಮಗ ಗಾಬರಿಯಾಗಿ, "ಅಪ್ಪಾ, ಡೋಲಿಯವರನ್ನ ಕರೀಲೇನ್ರಿ?" ಎಂದ. ಬೇಡವೆಂದು ಕೈಸನ್ನೆ ಮಾಡಿದೆವು. ಇಪ್ಪತ್ತು ಎಣಿಸಿದೆವು, ನಿಂತೆವು. ಉಸಿರು ತಿರುಗಿ ಬಂದ ಮೇಲೆ ಮತ್ತೆ ಇಪ್ಪತ್ತು. ಮಗನಿಗೆ ನಾವೇನೂ ಕಲಿಸಿರಲಿಲ್ಲ. ಆದರೂ ಒಂದು ಮೆಟ್ಟಿಲು ಕೆಳಗೆ, ನಮ್ಮ ಬೆನ್ನ ಹಿಂದೆಯೇ ಅವನು ಏರಿ ಬಂದ.

ಮಲ್ಲಯ್ಯನ ದರ್ಶನವಾದ ಮೇಲೆ ಪಾತಾಳಗಂಗೆಗೆ ಹೋದೆವು. 1971ರಲ್ಲಿ ಕೊಳ್ಳದ ತಳದಲ್ಲಿ ಹರಿಯುತ್ತಿದ್ದ ನದಿ ಈಗ ಅಣೆಕಟ್ಟಿನ ಹಿನ್ನೀರಾಗಿ ನಿಂತಿದೆ. ದಂಡೆಗೆ ಇಳಿಯಲು ರೋಪ್‌ವೇ ಬಂದಿದೆ. ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬಂದ ನಮ್ಮೂರ ನೀರು ಅದು. ಬಡಿಗೆಯ ತುದಿಯನ್ನು ಅದರಲ್ಲಿ ಅದ್ದಿ, ಮನಸ್ಸಿನಲ್ಲಿಯೇ ತೀರ್ಥರೂಪರ ಕ್ಷಮೆ ಕೇಳಿದೆವು.

ಶಾಸ್ತ್ರದ ಮಾತನ್ನು ನಾವು ಇಂದಿಗೂ ಬಿಟ್ಟಿಲ್ಲ. ದೇವರು ಗುಡ್ಡದ ಮೇಲೆ ಮಾತ್ರ ಇದ್ದಾನೆಂದು ಹೇಳಲಾರೆವು. ತೀರ್ಥರೂಪರೂ ಹಾಗೆ ಹೇಳಿರಲಿಲ್ಲ. ಅವರಿಗೆ ಗುಡ್ಡ ಏರುವುದು ಬೇಕಾಗಿತ್ತು, ಮಗನು ಜೊತೆಗೆ ಬರುವುದು ಬೇಕಾಗಿತ್ತು. ಅವರು ಮಾಡದ ತಪ್ಪಿಗೆ ನಾವು ಅವರನ್ನು ತಿದ್ದಲು ಹೋಗಿದ್ದೆವು.

ಶರಣ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳನ್ನು ಕರೆದುಕೊಂಡು ವರ್ಷಕ್ಕೊಮ್ಮೆಯಾದರೂ ಹತ್ತಿರದ ಯಾವುದಾದರೊಂದು ಗುಡ್ಡವನ್ನು ಕಾಲ್ನಡಿಗೆಯಲ್ಲಿ ಏರಿರಿ. ಮನೆಯ ಹಿರಿಯರು ಎಲ್ಲಿಗಾದರೂ ಜೊತೆಗೆ ಬಾ ಎಂದು ಕರೆದರೆ ಮೊದಲು ಹೋಗಿ ಬನ್ನಿರಿ. ವಾದವಿದ್ದರೆ ಇಳಿದು ಬಂದ ಮೇಲೆ ಮಾಡಬಹುದು.