ರೆಕ್ಕೆಯ ತುದಿಯ ತ್ರಿಕೋನ

ದೆಹಲಿಯ ಕಿದ್ವಾಯಿ ನಗರದ ನಮ್ಮ ಮನೆಯಿಂದ ಸಫ್ದರ್‌ಜಂಗ್ ವಿಮಾನ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಪುಟ್ಟ ವಿಮಾನಗಳ ಸದ್ದು ನಿಂತು ವರ್ಷಗಳಾದವು. ಕೆಳಗಿನ ಮನೆಯ ಕಾಕಾ ಧಾರವಾಡದವರು, ಬದುಕಿಡೀ ವಿಮಾನ ರಿಪೇರಿ ಮಾಡಿದವರು. ಆಕಾಶದ ಕಸರತ್ತಿನ ಮಾತು ಬಂದರೆ ಅವರು ಶುರುಮಾಡುವುದು ಎಂಜಿನ್‌ನಿಂದಲ್ಲ, ರೆಕ್ಕೆಯ ತುದಿಗೆ ಕಟ್ಟುವ ಒಂದು ಹಗುರ ಚೌಕಟ್ಟಿನಿಂದ.

ವಿಮಾನ ಮೂತಿ ಎತ್ತಿ ಮೇಲೇರುವಾಗ ಪೈಲಟ್‌ಗೆ ಎದುರಿಗೆ ಕಾಣುವುದು ಬರೀ ಆಕಾಶ. ನೆಟ್ಟಗೆ ಏರುತ್ತಿದ್ದೇನೆಯೇ, ಹತ್ತು ಡಿಗ್ರಿ ವಾಲಿದ್ದೇನೆಯೇ ಎಂಬುದನ್ನು ಮೈ ಸರಿಯಾಗಿ ಹೇಳುವುದಿಲ್ಲ. ಹಾಗಾಗಿ ಆತ ಪಕ್ಕಕ್ಕೆ, ರೆಕ್ಕೆಯ ತುದಿಯತ್ತ ನೋಡುತ್ತಾನೆ. ಅಲ್ಲಿ ತೆಳು ಕೊಳವೆಗಳ ತ್ರಿಕೋನ. ಒಂದು ಕಡ್ಡಿ 45 ಡಿಗ್ರಿಗೆ, ಇನ್ನೊಂದು 90ಕ್ಕೆ. ಯಾವ ಕಡ್ಡಿ ದಿಗಂತಕ್ಕೆ ಸಮಾನಾಂತರವಾಗಿ ಕಾಣುತ್ತದೋ ಅದೇ ವಿಮಾನದ ಕೋನ. ಪಿಟ್ಸ್‌ನಂಥ ಜೋಡಿ ರೆಕ್ಕೆಯ ವಿಮಾನದಲ್ಲಿ ಎರಡು ರೆಕ್ಕೆಗಳ ನಡುವಿನ ಕಂಬಕ್ಕೆ ಇದನ್ನು ಬಿಗಿಯುತ್ತಾರೆ. ಮೊದಲು ವಿಮಾನವನ್ನು ನೆಲದ ಮೇಲೆ ಮಟ್ಟವಾಗಿ ನಿಲ್ಲಿಸಿ ಅಳತೆ. ಆಮೇಲೆ ಹಾರಿಸಿ, ಕೆಳಗೆ ನಿಂತವರು ನೋಡಿ ಹೇಳಿದಂತೆ ತಿದ್ದುಪಡಿ. ಸ್ಪರ್ಧೆಯಲ್ಲಿ ಪ್ರತಿ ಕಸರತ್ತಿಗೂ 10 ಅಂಕ. ಕೋನ 5 ಡಿಗ್ರಿ ತಪ್ಪಿದರೆ 1 ಅಂಕ ಹೋಯಿತು. ಇಷ್ಟು ಮುತುವರ್ಜಿ ಅದಕ್ಕೇ.

ಆದರೆ ದಿಗಂತ ಕಾಣದಿದ್ದರೆ ಕಡ್ಡಿ ಬರೀ ಕಡ್ಡಿ. ದೆಹಲಿಯ ಚಳಿಗಾಲದ ಹೊಗೆಮಂಜಿನಲ್ಲಿ ಎಷ್ಟೋ ದಿನ ಆಕಾಶಕ್ಕೂ ನೆಲಕ್ಕೂ ನಡುವೆ ಗೆರೆಯೇ ಇರುವುದಿಲ್ಲ.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. 1980ರ ಜೂನ್ 23ರ ಬೆಳಿಗ್ಗೆ ಇದೇ ಸಫ್ದರ್‌ಜಂಗ್‌ನಿಂದ ಪಿಟ್ಸ್ ಎಸ್-2ಎ ವಿಮಾನದಲ್ಲಿ ಹೊರಟ ಸಂಜಯ್ ಗಾಂಧಿ ಮತ್ತು ಕ್ಯಾಪ್ಟನ್ ಸುಭಾಷ್ ಸಕ್ಸೇನಾ, ಕಸರತ್ತು ನಡೆಸುವಾಗಲೇ ನೆಲಕ್ಕಪ್ಪಳಿಸಿ ತೀರಿಕೊಂಡರು. ಆ ದಿನದ ಮಾತು ಬಂದಾಗ ಕಾಕಾ ಹೇಳಿದ್ದು ಇಷ್ಟೇ: “ಈ ಚೌಕಟ್ಟು ಕೋನ ತೋರಸ್ತದವ್ವಾ, ನೆಲ ಎಷ್ಟು ದೂರ ಅದ ಅಂತ ಹೇಳಂಗಿಲ್ಲ.”

ಎತ್ತರವನ್ನು ಹಾರುವ ಮೊದಲೇ ನಿರ್ಧರಿಸಬೇಕು. ಅಮೆರಿಕದ ಸ್ಪರ್ಧೆಗಳಲ್ಲಿ ಹೊಸಬರು 1,500 ಅಡಿಗಿಂತ ಕೆಳಗಿಳಿಯುವಂತಿಲ್ಲ; ಅತಿ ಪಳಗಿದವರಿಗಷ್ಟೇ 100 ಮೀಟರ್‌ವರೆಗೆ ಅವಕಾಶ. ಗೆರೆ ನೆಟ್ಟಗಾಗಲಿಲ್ಲವೆಂದರೆ ಹೋಗುವುದು ಅಂಕ, ಮುಂದಿನ ಸಲ ಗಳಿಸಬಹುದು. ಎತ್ತರ ಮುಗಿದರೆ ಮುಂದಿನ ಸಲವೇ ಇರುವುದಿಲ್ಲ.