ಕಲ್ಲುಪ್ಪಿನ ಐಸ್‌ಕ್ರೀಂ

ಐಸ್‌ಕ್ರೀಂ ಮಾಡಲು ಸಕ್ಕರೆಗಿಂತ ಉಪ್ಪೇ ಹೆಚ್ಚು ಬೇಕಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಫ್ರಿಜ್ ಇಲ್ಲದ ನಮ್ಮ ಮನೆಯಲ್ಲಿ ಬೇಸಿಗೆ ರಜೆ ಬಂತೆಂದರೆ ಅಟ್ಟದ ಮೇಲಿನ ಮರದ ಬಕೆಟ್ ಕೆಳಗಿಳಿಯುತ್ತಿತ್ತು. ಅದರೊಳಗೆ ತಗಡಿನ ಡಬ್ಬ, ಡಬ್ಬದೊಳಗೆ ಹಾಲು ಕಡೆಯುವ ಮರದ ರೆಕ್ಕೆಗಳು, ಮೇಲೆ ತಿರುಗಿಸಲು ಕಬ್ಬಿಣದ ಹಿಡಿ. ಅಮೆರಿಕದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಪೇಟೆಂಟ್ ಪಡೆದ ಯಂತ್ರದ ವಂಶದ್ದೇ ಅದು.

ಐಸ್ ಫ್ಯಾಕ್ಟರಿಯ ಗಡ್ಡೆ ಮರದ ಹೊಟ್ಟು ಮೆತ್ತಿಕೊಂಡು, ಗೋಣಿಚೀಲದಲ್ಲಿ, ಸೈಕಲ್ ಕ್ಯಾರಿಯರ್ ಮೇಲೆ ನೀರು ಸುರಿಸುತ್ತಾ ಬರುತ್ತಿತ್ತು. ಚೀಲದ ಸಮೇತ ಒನಕೆಯಿಂದ ಕುಟ್ಟಿ, ಡಬ್ಬದ ಸುತ್ತ ಒಂದು ಪದರ ಐಸು, ಒಂದು ಪದರ ಕಲ್ಲುಪ್ಪು ತುಂಬಬೇಕು. ಉಪ್ಪು ಬಿದ್ದ ಐಸು ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಹಾಲಿನಿಂದಲೇ ಹೀರಿಕೊಳ್ಳುತ್ತದೆ. ಹದ ಸರಿಯಿದ್ದರೆ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ಅಜ್ಜಿಗೆ ಈ ಲೆಕ್ಕವೆಲ್ಲ ಬೇಕಿರಲಿಲ್ಲ. "ಇನ್ನೊಂದು ಬೊಗಸೆ ಉಪ್ಪು ಸುರಿಯೋ, ಜಿಪುಣತನ ಮಾಡಬೇಡ" ಅನ್ನುತ್ತಿದ್ದಳು.

ಮೊದಲು ತಿರುಗಿಸುವ ಸರದಿ ನಮ್ಮದು. ಹಾಲಿನ್ನೂ ನೀರಾಗಿರುವುದರಿಂದ ಹಿಡಿ ಸಲೀಸಾಗಿ ಓಡುತ್ತಿತ್ತು. ಬರಬರುತ್ತಾ ಅದು ಬಿಗಿಯಾಗಿ ನಮ್ಮ ತೋಳು ಸೋತಾಗ ದೊಡ್ಡಪ್ಪ ಪಂಚೆ ಎತ್ತಿಕಟ್ಟಿ ಕೂರುತ್ತಿದ್ದರು. ನಡುವೆ ನಿಲ್ಲಿಸುವಂತಿಲ್ಲ, ನಿಂತರೆ ಹರಳುಗಟ್ಟಿ ಬಾಯಿಗೆ ಮರಳಿನಂತೆ ಸಿಗುತ್ತದೆ. ಮುಚ್ಚಳದ ಸಂದಿಯಿಂದ ಉಪ್ಪುನೀರು ಒಳಗೆ ನುಗ್ಗಿದರಂತೂ ಅಷ್ಟೂ ಹಾಲು ಕಲಗಚ್ಚಿನ ಪಾಲು.

ಐಸು ಹಿಂದೆ ಬಡವರ ಕೈಗೆ ಎಟುಕುವಂಥದ್ದಾಗಿರಲಿಲ್ಲ ಬಿಡಿ. ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪಿನಿಂದ ಕುಡಿಯುವ ನೀರು ತಂಪು ಮಾಡುತ್ತಿದ್ದರು, ಆಮೇಲೆ ಉತ್ತರದ ಬೆಟ್ಟಗಳಿಂದ ಹಿಮ ತರಿಸಿಕೊಂಡರು ಎಂದು ಐನ್-ಇ-ಅಕ್ಬರಿ ಹೇಳುತ್ತದೆ. ಅಲಹಾಬಾದಿನ ಕಡೆ ಚಳಿಗಾಲದ ರಾತ್ರಿ ಹುಲ್ಲು ಹಾಸಿದ ತಗ್ಗುಗಳಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆಗಳಿಟ್ಟು, ಬೆಳಗಿನ ಜಾವ ತೆಳ್ಳಗೆ ಕಟ್ಟಿದ ಐಸನ್ನು ಸೂರ್ಯ ಹುಟ್ಟುವ ಮೊದಲೇ ಬಾಚಿಕೊಳ್ಳುತ್ತಿದ್ದರು. 1833ರಲ್ಲಿ ಐಸ್ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಬಾಸ್ಟನ್ನಿನಿಂದ ಹಡಗಿನಲ್ಲಿ ಐಸ್ ತುಂಬಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಬಿಸಿಲು ಕಡಲು ದಾಟಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಟ್ಯೂಡರನ ಐಸ್ ಇಡುತ್ತಿದ್ದ ಮದ್ರಾಸಿನ ಐಸ್ ಹೌಸ್ ಈಗಲೂ ಸಮುದ್ರದ ಎದುರಿಗಿದೆ, ವಿವೇಕಾನಂದರ ಹೆಸರಿನಲ್ಲಿ. ಮುಂದೆ ಅವನ ವ್ಯಾಪಾರಕ್ಕೆ ಬಲ ಕೊಟ್ಟದ್ದೂ ನಮ್ಮ ಸೈಕಲ್ಲಿನ ಗಡ್ಡೆಗೆ ಮೆತ್ತಿದ್ದ ಮರದ ಹೊಟ್ಟೇ.

ನನಗೆ ಹೆಚ್ಚು ಕಾಡುವುದು ರುಚಿಯಲ್ಲ. ಆ ಐಸ್‌ಕ್ರೀಮನ್ನು ಇಟ್ಟುಕೊಳ್ಳುವಂತಿರಲಿಲ್ಲ. ಡಬ್ಬ ತೆರೆದ ಮೇಲೆ ಅದಕ್ಕೆ ಆಯುಷ್ಯ ಕಡಿಮೆ, ಹಾಗಾಗಿ ಪಕ್ಕದ ಮನೆಗೆ, ಎದುರು ಮನೆಗೆ ಲೋಟಗಳು ಓಡುತ್ತಿದ್ದವು. ಜಗಳವಾಡಿ ಮಾತು ಬಿಟ್ಟಿದ್ದವರ ಮನೆಗೂ ಒಂದು ಹೋಗುತ್ತಿತ್ತು. ಫ್ರಿಜ್ ಬಂದ ಮೇಲೆ ಉಳಿದದ್ದನ್ನು ನಾಳೆಗೆ ಇಡಬಹುದು ಅಂತಾಯಿತು.

ಈಗ ಅಂಗಡಿಯ ಡಬ್ಬ ಹಿಡಿದರೆ ಹಗುರ. ಅದರಲ್ಲಿ ಗಾಳಿಯದ್ದೂ ದೊಡ್ಡ ಪಾಲು. ಎಷ್ಟೋ ಡಬ್ಬಗಳ ಮೇಲೆ ಸಣ್ಣಕ್ಷರದಲ್ಲಿ ಫ್ರೋಜನ್ ಡೆಸರ್ಟ್ ಎಂದಿರುತ್ತದೆ, ಅಂದರೆ ಒಳಗಿರುವುದು ಸಾಮಾನ್ಯವಾಗಿ ಹಾಲಿನ ಕೊಬ್ಬಲ್ಲ, ಎಣ್ಣೆ. ಜಾತ್ರೆಯ ಕುಲ್ಫಿಯವನ ಮಡಕೆಗೆ ಕೆಂಪು ಬಟ್ಟೆಯೇನೋ ಸುತ್ತಿದೆ. ಮೊನ್ನೆ ಇಣುಕಿ ನೋಡಿದೆ: ಐಸೂ ಇಲ್ಲ, ಉಪ್ಪೂ ಇಲ್ಲ, ಫ್ಯಾಕ್ಟರಿಯ ಪ್ಲಾಸ್ಟಿಕ್ ಸುತ್ತಿದ ಕಡ್ಡಿಗಳು.